ಅಪ್ಪನ ಮನೆ ಮಾರಿ ಅಮ್ಮನಿಗೊಂದು ಮನೆ: ಮುಂಬೈನಲ್ಲಿ ಮಾಡಿ ಮುಗಿಸಿದವರು ದಯವಿಟ್ಟು ಹೇಳಿ

ಮುಲುಂಡ್‌ನ ಮನೆಯ ಬಗ್ಗೆ ಕೇಳುತ್ತಿರುವವರು:

ಎಲ್ಲರಿಗೂ ನಮಸ್ಕಾರ. ಮುಲುಂಡ್ ಪೂರ್ವದಲ್ಲಿ ನಮ್ಮದೊಂದು ಒನ್ ಬಿಎಚ್‌ಕೆ ಇದೆ. ಅಪ್ಪ 1988ರಲ್ಲಿ ತೆಗೆದುಕೊಂಡದ್ದು. ಹೋದ ವರ್ಷ ಅಪ್ಪ ತೀರಿಕೊಂಡರು, ವಿಲ್ ಬರೆದಿಲ್ಲ. ಮೂರನೇ ಮಹಡಿ, ಲಿಫ್ಟ್ ಇಲ್ಲ, ಅಮ್ಮನಿಗೆ ಮೊಣಕಾಲು ನೋವು. ನಾನು ಪಕ್ಕದ ಠಾಣೆ ನಗರದಲ್ಲಿದ್ದೇನೆ, ತಂಗಿ ಹುಬ್ಬಳ್ಳಿಯಲ್ಲಿ, ತಮ್ಮ ಅಮೆರಿಕದಲ್ಲಿ. ಹಳೆ ಮನೆ ಮಾರಿ ನನ್ನ ಮನೆ ಹತ್ತಿರವೇ ಅಮ್ಮನಿಗೆ ಒಂದು ಮನೆ ಮಾಡಬೇಕು ಅಂತ ಆಸೆ. ಕಟ್ಟಡದ ವಸತಿ ಸಹಕಾರ ಸೊಸೈಟಿಯಲ್ಲಿ ಅಪ್ಪನ ನಾಮಿನಿ ನಾನೇ. ಬ್ರೋಕರ್ ಆಗಲೇ ಇಬ್ಬರನ್ನು ಕರೆದುಕೊಂಡು ಬಂದಿದ್ದಾರೆ, ಒಬ್ಬರು ಟೋಕನ್ ಮುಂಗಡ ಕೊಡಲು ರೆಡಿ. ತೆಗೆದುಕೊಳ್ಳಲಾ? ಮೊದಲು ಮಾರಬೇಕಾ, ಮೊದಲು ಕೊಳ್ಳಬೇಕಾ?

ಠಾಣೆಯಿಂದ:

ಟೋಕನ್ ತೆಗೆದುಕೊಳ್ಳಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾವು ತೆಗೆದುಕೊಂಡು ಕಷ್ಟಪಟ್ಟೆವು.

ನಮ್ಮದೂ ಹೆಚ್ಚು ಕಡಿಮೆ ನಿಮ್ಮದೇ ಕಥೆ. ಅಪ್ಪ ಹೋದರು, ವಿಲ್ ಇಲ್ಲ, ಅಣ್ಣ ನಾಮಿನಿ. ನಾಮಿನಿ ಅಂದರೆ ಮಾಲೀಕ ಅಂತ ನಾವೆಲ್ಲ ತಿಳಿದುಕೊಂಡಿದ್ದೆವು. ಹಾಗಲ್ಲ. ಸೊಸೈಟಿ ಯಾರ ಜೊತೆ ವ್ಯವಹಾರ ಮಾಡಬೇಕು ಅನ್ನುವುದಕ್ಕೆ ಮಾತ್ರ ನಾಮಿನಿ. ಮಹಾರಾಷ್ಟ್ರದ ಸಹಕಾರಿ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂದ ಮೇಲೆ ನಾಮಿನಿಯನ್ನು ತಾತ್ಕಾಲಿಕ ಸದಸ್ಯ ಅಂತಲೇ ಕರೆಯುತ್ತಾರೆ. ಮನೆ ವಾರಸುದಾರರೆಲ್ಲರದು. ವಿಲ್ ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು, ತೀರಿಕೊಂಡವರ ತಾಯಿ, ಎಲ್ಲರಿಗೂ ಸಮಪಾಲು.

ಆ ಕೊನೆಯ ಹೆಸರು ನೋಡಿ, ತಾಯಿ. ನಾವು ಎಡವಿದ್ದು ಅಲ್ಲೇ. ಅಪ್ಪ ಹೋದಾಗ ಅಜ್ಜಿ ಶಿರಸಿಯಲ್ಲಿ ಇನ್ನೂ ಇದ್ದರು. ಎರಡು ವರ್ಷ ಬಿಟ್ಟು ಅವರೂ ಹೋದರು. ಅಮ್ಮ, ಅಣ್ಣ, ನಾನು, ಅಜ್ಜಿ, ಹೀಗೆ ತಲಾ ಕಾಲು ಪಾಲು. ಅಜ್ಜಿಯ ಕಾಲು ಪಾಲು ಮತ್ತೆ ನಾಲ್ಕಾಯಿತು: ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಅಪ್ಪನ ಬದಲಿಗೆ ಅಣ್ಣ ಮತ್ತು ನಾನು. ಇದು ನಮಗೆ ಗೊತ್ತಾದದ್ದು ಕೊಳ್ಳುವವರ ಬ್ಯಾಂಕಿನ ವಕೀಲರು ಕೇಳಿದಾಗ. ಅಷ್ಟು ಹೊತ್ತಿಗೆ ಟೋಕನ್ ತೆಗೆದುಕೊಂಡು ಎರಡು ತಿಂಗಳಾಗಿತ್ತು. ದೊಡ್ಡಪ್ಪನಿಗೆ ಮನೆಯ ಒಂದು ಪೈಸೆಯೂ ಬೇಕಿರಲಿಲ್ಲ. ಆದರೆ ಎಂಬತ್ತು ದಾಟಿದವರು ಶಿರಸಿಯಿಂದ ಬಂದು ಸಹಿ ಹಾಕುವುದು ಹೇಗೆ? ಅಲ್ಲಿನ ಸಬ್ ರಿಜಿಸ್ಟ್ರಾರ್ ಎದುರೇ ಪವರ್ ಆಫ್ ಅಟಾರ್ನಿ, ಅಂದರೆ ಅವರ ಬದಲು ಇನ್ನೊಬ್ಬರು ಸಹಿ ಹಾಕುವ ಅಧಿಕಾರಪತ್ರ, ಮಾಡಿಸಿದೆವು. ಐದು ತಿಂಗಳು ಹೋಯಿತು. ಕೊಳ್ಳುವವರು ಕಾದು ಕಾದು ಬೇರೆ ಮನೆ ನೋಡಿಕೊಂಡರು. ಅವರ ತಪ್ಪು ಏನೂ ಇಲ್ಲ.

ಅದಕ್ಕೇ ಕೇಳುತ್ತೇನೆ, ಅಪ್ಪ ತೀರಿಕೊಂಡಾಗ ನಿಮ್ಮ ಅಜ್ಜಿ ಇದ್ದರಾ?

ಇಲ್ಲ ಅಂದರೆ ನಿಮ್ಮದು ಸುಲಭ. ನಾಲ್ಕೇ ಜನ. ಈಗ ನಾಲ್ವರೂ ಕೂತು ಒಂದು ವಿಷಯ ತೀರ್ಮಾನ ಮಾಡಿ: ಬರುವ ದುಡ್ಡು ಯಾರದು? ಪೂರ್ತಿ ಅಮ್ಮನಿಗೇ ಅಂತಾದರೆ ಮಕ್ಕಳು ಮೂವರೂ ಮಾರುವ ಮೊದಲೇ ಅಮ್ಮನ ಹೆಸರಿಗೆ ಹಕ್ಕು ಬಿಡುಗಡೆ ಪತ್ರ, ಅಂದರೆ ರಿಲೀಸ್ ಡೀಡ್, ರಿಜಿಸ್ಟರ್ ಮಾಡಿಕೊಡಿ. ಮಕ್ಕಳು ತಾಯಿಗೆ ಹಣ ತೆಗೆದುಕೊಳ್ಳದೆ ಬಿಟ್ಟುಕೊಟ್ಟರೆ ಸ್ಟಾಂಪ್ ಡ್ಯೂಟಿ ತೀರಾ ಕಡಿಮೆ. ಆಮೇಲೆ ಸೊಸೈಟಿ ಕೊಡುವ ಶೇರ್ ಸರ್ಟಿಫಿಕೇಟಿನಲ್ಲಿ ಅಮ್ಮನ ಹೆಸರು ಬರೆಸಿ. ಆಗ ಮಾರಾಟಕ್ಕೆ ಒಂದೇ ಸಹಿ ಸಾಕು. ರಿಲೀಸ್ ಡೀಡ್‌ಗೆ ಬೇಕಾದ ತಮ್ಮನ ಪವರ್ ಆಫ್ ಅಟಾರ್ನಿ ಅಮೆರಿಕದ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಣ ಆಗಿ ಬರಬೇಕು. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಮಾಡಿಸಬೇಕು. ಆ ಗಡುವು ತಪ್ಪಿಸಬೇಡಿ.

ಸೊಸೈಟಿ ಬಗ್ಗೆ ಒಂದು ಮಾತು. ಹೊರಗಿನವರಿಗೆ ಮಾರಿದಾಗ ಟ್ರಾನ್ಸ್‌ಫರ್ ಪ್ರೀಮಿಯಂ ಅಂತ ಕೇಳುತ್ತಾರೆ. ಮಹಾನಗರ ಪಾಲಿಕೆ ವ್ಯಾಪ್ತಿಯಲ್ಲಿ ಅದಕ್ಕೆ 25,000 ರೂಪಾಯಿ ಮಿತಿ ಇದೆ, ಸರ್ಕಾರ 2001ರಲ್ಲೇ ಹಾಕಿದ್ದು. ವಾರಸುದಾರರ ಹೆಸರಿಗೆ ಆಗುವಾಗ ಪ್ರೀಮಿಯಂ ಕೇಳುವಂತಿಲ್ಲ. ನಮ್ಮ ಸೊಸೈಟಿಯಲ್ಲಿ ಡೊನೇಶನ್ ಅಂತ ದೊಡ್ಡ ಮೊತ್ತ ಕೇಳಿದರು. ಸುತ್ತೋಲೆಯ ಪ್ರತಿ ಕೈಯಲ್ಲಿಟ್ಟುಕೊಂಡು ಹೋಗಿ ಮೆಲ್ಲಗೆ ಮಾತಾಡಿದೆವು, ಬಿಟ್ಟರು.

ಮಾಟುಂಗಾದಿಂದ, ತೆರಿಗೆ ಲೆಕ್ಕ ಬರೆಯುವವರು:

ಠಾಣೆಯವರು ಹೇಳಿದ ರಿಲೀಸ್ ಡೀಡ್‌ಗೆ ತೆರಿಗೆಯ ದೃಷ್ಟಿಯಿಂದಲೂ ಕಾರಣ ಇದೆ. ನಾಲ್ವರ ಹೆಸರಲ್ಲೇ ಮಾರಿದರೆ ಲಾಭವೂ ನಾಲ್ಕು ಪಾಲಾಗುತ್ತದೆ. ಆ ದುಡ್ಡಲ್ಲಿ ಅಮ್ಮನ ಹೆಸರಲ್ಲಿ ಮನೆ ಕೊಂಡರೆ ವಿನಾಯಿತಿ ಅಮ್ಮನ ಪಾಲಿಗೆ ಮಾತ್ರ. ನೀವು ಮಕ್ಕಳು ನಿಮ್ಮ ಪಾಲಿನ ಮೇಲೆ ತೆರಿಗೆ ಕಟ್ಟಬೇಕಾಗುತ್ತದೆ. ಎಷ್ಟೋ ಮನೆಗಳಲ್ಲಿ ಇದು ಗೊತ್ತಾಗುವುದು ರಿಟರ್ನ್ ಹಾಕುವಾಗ. ಆಗ ಏನೂ ಮಾಡಲಾಗದು, ನನಗೇ ಸಂಕಟ ಆಗುತ್ತದೆ.

ತಮ್ಮನ ಪಾಲು ಉಳಿಸಿಕೊಂಡರೆ ಇನ್ನೊಂದು ತೊಡಕು. ಇಲ್ಲೇ ಇರುವವರಿಗೆ ಕೊಳ್ಳುವವರು ಹಿಡಿಯುವ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಶೇ. 1, ಅದೂ ಒಟ್ಟು ಬೆಲೆ 50 ಲಕ್ಷ ಅಥವಾ ಮೇಲಿದ್ದರೆ. ವಿದೇಶದಲ್ಲಿರುವವರ ಪಾಲಿಗೆ ಇದು ತುಂಬ ಜಾಸ್ತಿ. ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ದರದ ಪ್ರಮಾಣಪತ್ರ ಮೊದಲೇ ತರದಿದ್ದರೆ ದುಡ್ಡು ರಿಫಂಡ್‌ಗೆ ಕಾಯುತ್ತಾ ಕೂರುತ್ತದೆ.

ಲೆಕ್ಕ ಹೀಗೆ. 2001ರ ಏಪ್ರಿಲ್ 1ಕ್ಕೂ ಮೊದಲು ಕೊಂಡ ಮನೆಗೆ ಆ ದಿನದ ಬೆಲೆಯನ್ನೇ ಖರೀದಿ ಬೆಲೆ ಅಂತ ಹಿಡಿಯಬಹುದು. ನೋಂದಾಯಿತ ವ್ಯಾಲ್ಯುಯರ್ ಹತ್ತಿರ ರಿಪೋರ್ಟ್ ಮಾಡಿಸಿ. ಅಪ್ಪನ ಖರೀದಿಯೇ ನಿಮಗೂ ಲೆಕ್ಕ, ಪಿತ್ರಾರ್ಜಿತ ಆದ್ದರಿಂದ. 2024ರ ಜುಲೈ 23ರಿಂದ ಎರಡು ದಾರಿ: ಇಂಡೆಕ್ಸೇಶನ್, ಅಂದರೆ ಹಣದುಬ್ಬರಕ್ಕೆ ತಕ್ಕಂತೆ ಖರೀದಿ ಬೆಲೆ ಏರಿಸುವುದು, ಇಲ್ಲದೆ ಶೇ. 12.5, ಅಥವಾ ಇಂಡೆಕ್ಸೇಶನ್ ಜೊತೆ ಶೇ. 20. ಎರಡನೆಯದು ಇಲ್ಲಿ ವಾಸಿಸುವವರಿಗೆ ಮಾತ್ರ.

ಉದಾಹರಣೆಗೆ 2001ರಲ್ಲಿ ಬೆಲೆ 8 ಲಕ್ಷ, ಈಗ 1 ಕೋಟಿ 10 ಲಕ್ಷ ಅಂದುಕೊಳ್ಳಿ. 2025-26ರ ಹಣದುಬ್ಬರ ಸೂಚ್ಯಂಕ 376, ಅಂದರೆ 2001ರ ಬೆಲೆಯ 3.76 ಪಟ್ಟು. ಹಾಗಾಗಿ 8 ಲಕ್ಷ ಸುಮಾರು 30 ಲಕ್ಷವಾಗುತ್ತದೆ. ಉಳಿದ 80 ಲಕ್ಷಕ್ಕೆ ಶೇ. 20 ಅಂದರೆ 16 ಲಕ್ಷ. ಇನ್ನೊಂದು ದಾರಿಯಲ್ಲಿ 1 ಕೋಟಿ 2 ಲಕ್ಷಕ್ಕೆ ಶೇ. 12.5, ಅಂದರೆ 12.75 ಲಕ್ಷ. ಸೆಸ್ ಬೇರೆ. ಇಂಡೆಕ್ಸೇಶನ್ ಅಂದ ಕೂಡಲೇ ಲಾಭ ಅಂದುಕೊಳ್ಳಬೇಡಿ, ಎರಡನ್ನೂ ಬರೆದು ನೋಡಿ.

ಹೊಸ ಮನೆ ಕೊಂಡರೆ ಈ ತೆರಿಗೆಯಲ್ಲಿ ಬಹುಪಾಲು ಉಳಿಯುತ್ತದೆ. ಮಾರುವ ಒಂದು ವರ್ಷ ಮೊದಲು ಅಥವಾ ಮಾರಿದ ಎರಡು ವರ್ಷದೊಳಗೆ ಕೊಳ್ಳಬೇಕು. ಮನೆಗೆ ಹಾಕಿ ಮಿಕ್ಕ ಲಾಭಕ್ಕೆ ತೆರಿಗೆ ಉಳಿಸಲು ಸರ್ಕಾರಿ ಕಂಪನಿಗಳಾದ ಆರ್‌ಇಸಿ, ಪಿಎಫ್‌ಸಿ ಬಾಂಡ್‌ಗಳಿವೆ. ಮಾರಿದ ಆರು ತಿಂಗಳೊಳಗೆ, 50 ಲಕ್ಷದವರೆಗೆ, ಐದು ವರ್ಷಕ್ಕೆ. ರಿಟರ್ನ್ ಹಾಕುವ ಕೊನೆ ದಿನದೊಳಗೆ ಮನೆ ಸಿಗದಿದ್ದರೆ ಬ್ಯಾಂಕಿನಲ್ಲಿ ಕ್ಯಾಪಿಟಲ್ ಗೇನ್ಸ್ ಖಾತೆ ತೆರೆದು ಹಣ ಅದರಲ್ಲಿಡಿ.

ನಗದಿನಲ್ಲಿ ಸ್ವಲ್ಪ ಕೊಡುತ್ತೇವೆ ಅಂತ ಖಂಡಿತ ಯಾರಾದರೂ ಕೇಳುತ್ತಾರೆ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅಮ್ಮನ ಹೆಸರಿಗೆ ಅಂಥ ತಲೆನೋವು ತರಬೇಡಿ.

ಡೊಂಬಿವಲಿಯಿಂದ:

ನಾನು ಕೊಳ್ಳುವ ಕಡೆಯ ಮಾತು ಹೇಳುತ್ತೇನೆ. ಮುಲುಂಡ್ ಮುಂಬೈ ಪಾಲಿಕೆ, ಅಲ್ಲಿ ಸ್ಟಾಂಪ್ ಡ್ಯೂಟಿ ಎಲ್ಲ ಸೇರಿ ಶೇ. 6. ಚೆಕ್‌ನಾಕಾ ದಾಟಿ ಠಾಣೆಗೆ ಬಂದರೆ ಶೇ. 7. ಆದರೆ ಮನೆ ಬರೀ ಹೆಂಗಸರ ಹೆಸರಲ್ಲಿ ಕೊಂಡರೆ ಶೇ. 1 ಕಡಿಮೆ. 80 ಲಕ್ಷದ ಮನೆಗೆ 80,000 ರೂಪಾಯಿ ಉಳಿಯುತ್ತದೆ. ನಿಮ್ಮ ಹೆಸರೂ ಸೇರಿಸಿದರೆ ಆ ರಿಯಾಯಿತಿ ಇಲ್ಲ. ನೋಂದಣಿ ಶುಲ್ಕ ಹೆಚ್ಚೆಂದರೆ 30,000.

ದಯವಿಟ್ಟು ಅಗ್ಗ ಅಂತ ಹೊಸ ಕಟ್ಟಡಕ್ಕೆ ಮರುಳಾಗಬೇಡಿ. ನಮ್ಮ ಡೊಂಬಿವಲಿಯಲ್ಲಿ ಪಾಲಿಕೆಯ ಸುಳ್ಳು ಅನುಮತಿ ಪತ್ರ ತೋರಿಸಿ 65 ಕಟ್ಟಡಗಳು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ನಂಬರ್ ಪಡೆದಿದ್ದವು. 2024ರಲ್ಲಿ ಬಾಂಬೆ ಹೈಕೋರ್ಟ್ ಅವನ್ನು ಕೆಡವಲು ಆದೇಶ ಕೊಟ್ಟಿತು. ಅಲ್ಲಿ ಮನೆ ಕೊಂಡವರು ನಮ್ಮ ನಿಮ್ಮಂಥವರೇ. ರೇರಾ ನಂಬರ್ ಇದೆ ಅಂತ ಸುಮ್ಮನಿರಬೇಡಿ. ಅನುಮತಿ ಪತ್ರದ ಪ್ರತಿ ಹಿಡಿದು ಪಾಲಿಕೆಗೇ ಹೋಗಿ ಇದು ನಿಮ್ಮದೇನಾ ಅಂತ ಕೇಳಿ. ಓಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರ, ಇಲ್ಲದ ಮನೆ ಬೇಡವೇ ಬೇಡ.

ಹಳೆ ಕಟ್ಟಡವಾದರೆ ಮೂರು ಪ್ರಶ್ನೆ ಕೇಳಿ. ಜಾಗ ಸೊಸೈಟಿ ಹೆಸರಿಗೆ ಬಂದಿದೆಯಾ, ಅಂದರೆ ಕನ್ವೇಯನ್ಸ್ ಆಗಿದೆಯಾ? ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡದ ಗಟ್ಟಿತನದ ಪರೀಕ್ಷೆ, ಯಾವಾಗ ಆಯಿತು? ಮೊದಲ ಮಾಲೀಕರಿಂದ ಇವತ್ತಿನವರೆಗಿನ ಎಲ್ಲ ಒರಿಜಿನಲ್ ಅಗ್ರಿಮೆಂಟ್ ಇದೆಯಾ? ನಡುವಿನ ಒಂದು ಕಳೆದಿದ್ದರೂ ಬ್ಯಾಂಕ್ ಸಾಲ ಕೊಡುವಾಗ ತಕರಾರು ತೆಗೆಯುತ್ತದೆ. ನಿಮ್ಮ ಮುಲುಂಡ್ ಮನೆಗೂ ಇದೇ ಮಾತು, 1988ರ ಅಗ್ರಿಮೆಂಟ್ ಇವತ್ತೇ ಕಪಾಟಿನಿಂದ ತೆಗೆದು ನೋಡಿ.

ಪುಣೆಯಿಂದ:

ಒಂದೇ ವಿಷಯ. ಯಾರಾದರೂ ಸಾಲ ಇರುವ ಮನೆ ಮಾರುತ್ತಿದ್ದರೆ ಅವರ ಬ್ಯಾಂಕಿನಿಂದ ಬಾಕಿ ಪತ್ರ ಮತ್ತು ಬ್ಯಾಂಕಿನ ಬಳಿ ಇರುವ ಒರಿಜಿನಲ್ ಕಾಗದಗಳ ಪಟ್ಟಿ ತರಿಸಿ, ದುಡ್ಡನ್ನು ನೇರ ಬ್ಯಾಂಕಿಗೇ ಕಟ್ಟಿ. ಸಾಲ ತೀರಿದ 30 ದಿನದೊಳಗೆ ಬ್ಯಾಂಕ್ ಕಾಗದ ವಾಪಸ್ ಕೊಡಬೇಕು, ಬ್ಯಾಂಕಿನಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ರಿಸರ್ವ್ ಬ್ಯಾಂಕಿನ ಈ ನಿಯಮ 2023ರ ಡಿಸೆಂಬರ್‌ನಿಂದ ಇದೆ.

ಮುಲುಂಡ್‌ನವರು ಮತ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಜ್ಜಿ 2003ರಲ್ಲೇ ಹೋಗಿದ್ದಾರೆ. ಅಗ್ರಿಮೆಂಟ್ ಸಿಕ್ಕಿತು, ಶೇರ್ ಸರ್ಟಿಫಿಕೇಟೂ ಇದೆ. ತಮ್ಮ ಫೋನಿನಲ್ಲಿ ಕೂಡಲೇ ಒಪ್ಪಿದ. ತಂಗಿಗೂ ಹೇಳಿದೆ, ಅವಳು ‘ಹೂಂ’ ಅಂದು ಸುಮ್ಮನಾದಳು. ಒಪ್ಪಿಗೆ ಅಂತ ತಿಳಿದುಕೊಳ್ಳಲಾ? ಇನ್ನೊಂದು, ಅಮ್ಮ ಮನೆ ಬಿಡಲು ಮನಸ್ಸು ಮಾಡುತ್ತಿಲ್ಲ. ‘ನನ್ನ ಭಾಜಿಯವಳು, ನನ್ನ ನೆರೆಯವರು ಎಲ್ಲ ಇಲ್ಲೇ’ ಅನ್ನುತ್ತಾರೆ.

ಠಾಣೆಯಿಂದ:

ತಂಗಿಯ ‘ಹೂಂ’ ಒಪ್ಪಿಗೆ ಅಲ್ಲ. ನಾನೂ ಆ ಮನೆಯ ಮಗಳೇ ಆಗಿದ್ದೆ, ಹಾಗಾಗಿ ಹೇಳುತ್ತೇನೆ. ಅಣ್ಣ ಫೋನ್ ಮಾಡಿ ‘ಅಮ್ಮನ ಹೆಸರಿಗೆ ಸಹಿ ಹಾಕು’ ಅಂದಾಗ ನಾನೂ ಹೂಂ ಅಂದಿದ್ದೆ. ದುಡ್ಡಿನ ಆಸೆ ಇರಲಿಲ್ಲ. ಮದುವೆಯಾಗಿ ಹೋದವಳನ್ನು ಕೊನೆಗೆ ಸಹಿಗೆ ಮಾತ್ರ ಕರೆದರಲ್ಲ ಅಂತ ಬೇಸರ ಇತ್ತು. ಅಣ್ಣ ಮನೆಗೆ ಬಂದು, ಕಾಗದ ಮುಂದಿಟ್ಟು, ನಿನ್ನ ಪಾಲು ಇಷ್ಟು, ಬೇಕೆಂದರೆ ಇಟ್ಟುಕೋ ಅಂದ ದಿನ ನನಗೆ ಸಮಾಧಾನ ಆಯಿತು. ಆಮೇಲೇ ಸಂತೋಷದಿಂದ ಸಹಿ ಹಾಕಿದೆ. ಹುಬ್ಬಳ್ಳಿಗೆ ಹೋಗಿ ಬನ್ನಿ. ಅವಳ ಪಾಲು ಕಾಲು ಭಾಗ, ಅದನ್ನು ಅವಳಿಗೆ ನೀವೇ ಬಾಯಿಬಿಟ್ಟು ಹೇಳಿ. ಸಹಿ ಹಾಕಿದ ಮೇಲೆ ವಾಪಸ್ ಪಡೆಯುವಂಥ ಪತ್ರ ಅಲ್ಲ ಅದು. ಅವಳು ಪಾಲು ಬೇಕು ಅಂದರೂ ಬೇಸರ ಪಟ್ಟುಕೊಳ್ಳಬೇಡಿ. ಅದಕ್ಕೆ ತಕ್ಕಂತೆ ಅಮ್ಮನಿಗೆ ಸ್ವಲ್ಪ ಚಿಕ್ಕ ಮನೆ ನೋಡಬಹುದು.

ಅಮ್ಮನ ವಿಷಯಕ್ಕೆ, ಕೊಳ್ಳುವ ಮೊದಲು ಠಾಣೆಯಲ್ಲಿ 11 ತಿಂಗಳ ಬಾಡಿಗೆಗೆ, ಅಂದರೆ ಲೀವ್ ಅಂಡ್ ಲೈಸೆನ್ಸ್‌ನಲ್ಲಿ ಒಂದು ಮನೆ ಹಿಡಿಯಿರಿ. ಮುಲುಂಡ್ ಮನೆ ಮಾರುವ ಕಾಗದ ಆಗುವಷ್ಟರಲ್ಲಿ ಅವರಿಗೆ ಆ ಬೀದಿ ಹೊಂದುತ್ತದಾ ಇಲ್ಲವಾ ಗೊತ್ತಾಗುತ್ತದೆ. ನಮ್ಮ ಅಮ್ಮನಿಗೆ ನಾನು ಮೆಚ್ಚಿದ ದೊಡ್ಡ ಕಾಂಪ್ಲೆಕ್ಸ್ ಇಷ್ಟವಾಗಲಿಲ್ಲ, ಗೇಟಿನಿಂದ ಲಿಫ್ಟಿಗೆ ನಡೆಯುವುದೇ ದೂರ ಅಂದರು. ಕೊನೆಗೆ ತರಕಾರಿ ಮಾರ್ಕೆಟ್ ಪಕ್ಕದ ಹಳೆ ಕಟ್ಟಡ ಆರಿಸಿದರು. ಮೊದಲ ಮಹಡಿ, ಲಿಫ್ಟ್ ಇದೆ, ಕೆಳಗೇ ಹೂವಿನವಳು. ‘ಮೊದಲು ಮಾರಬೇಕಾ, ಕೊಳ್ಳಬೇಕಾ’ ಅಂತ ಕೇಳಿದ್ದಿರಲ್ಲ, ಬಾಡಿಗೆ ಮನೆ ಇದ್ದರೆ ಮೊದಲು ಮಾರಬಹುದು. ಎರಡೂ ಕಡೆ ಒಟ್ಟಿಗೆ ಗಡುವು ಇಟ್ಟುಕೊಂಡರೆ ಒಂದು ಕಡೆ ಬೆಲೆ ಬಿಟ್ಟುಕೊಡಬೇಕಾಗುತ್ತದೆ. ಪೂರ್ತಿ ದುಡ್ಡು ಖಾತೆಗೆ ಬೀಳುವ ತನಕ ಕೀಲಿ ಮಾತ್ರ ಯಾರಿಗೂ ಕೊಡಬೇಡಿ, ಫರ್ನಿಚರ್ ಅಳತೆ ತೆಗೆದುಕೊಳ್ಳುತ್ತೇವೆ ಅಂದರೂ ನೀವು ಜೊತೆಗಿರಿ.

ಮುಲುಂಡ್‌ನವರು:

ಶುಕ್ರವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿದೆ. ಅಮ್ಮನೂ ಬರುತ್ತೇನೆ ಅಂದರು. ಬ್ರೋಕರ್‌ಗೆ ಮೂರು ತಿಂಗಳು ಯಾರನ್ನೂ ಕರೆತರಬೇಡಿ ಅಂತ ಹೇಳಿದ್ದೇನೆ.

ಠಾಣೆಯಿಂದ:

ತುಂಬಾ ಖುಷಿಯಾಯಿತು. ಹೋಗುವ ಮೊದಲು ಪಾಲಿಕೆಯಿಂದ ಅಪ್ಪನ ಮರಣ ಪ್ರಮಾಣಪತ್ರದ ಇನ್ನೂ ಐದಾರು ಪ್ರತಿ ತೆಗೆದಿಟ್ಟುಕೊಳ್ಳಿ. ಸೊಸೈಟಿ, ಲೈಟ್ ಬಿಲ್, ಗ್ಯಾಸ್, ಬ್ಯಾಂಕ್, ಎಲ್ಲ ಕಡೆ ಕೇಳುತ್ತಾರೆ.