ಸಹಾಯ ಬೇಕು: ‘ಉಡಿಕೆ’ ಪದವನ್ನು ಎಲ್ಲಾದರೂ ಓದಿದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮಜ್ಜಿಯ ಮಾತುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಮೊನ್ನೆ ಅಕ್ಕಿ ಆರಿಸುತ್ತಾ, ‘ಗಂಡ ಸತ್ತ ಮೂರು ವರ್ಷಕ್ಕ ಆಕಿ ಉಡಕಿ ಆದ್ಲು’ ಅಂದರು.

ಗಂಡ ತೀರಿಕೊಂಡವಳು ಮತ್ತೆ ಮದುವೆಯಾದರೆ ನಮ್ಮ ಉತ್ತರ ಕರ್ನಾಟಕದಲ್ಲಿ ಉಡಕಿ, ಉಡಿಕೆ ಅನ್ನುತ್ತಾರೆ. ಮೈಸೂರು ಕಡೆ ಕೂಡಿಕೆ. ಹೊಸ ಸೀರೆ ಉಡಿಸುವುದೇ ಇದರಲ್ಲಿ ಮುಖ್ಯ. ‘ಸೀರುಡಿಕೆ’ ಅಂತಲೂ ಹೆಸರಿದೆ. ಹಾಗಾದರೆ ‘ಉಡು’ ಅನ್ನುವುದರಿಂದಲೇ ಬಂದಿರಬೇಕು, ಅಲ್ವಾ? 1856ರ ವಿಧವಾ ವಿವಾಹ ಕಾಯ್ದೆಗೂ ಮೊದಲೇ ಹಲವು ಸಮುದಾಯಗಳಲ್ಲಿ ಈ ಪದ್ಧತಿ ಇತ್ತು. ‘ಪುನರ್ವಿವಾಹ’ಕ್ಕಿಂತ ಈ ಮಾತೇ ನನಗೆ ಜಾಸ್ತಿ ಇಷ್ಟ.

ಯಾವುದಾದರೂ ಕಥೆ, ಕಾದಂಬರಿ, ಬೀಸುವ ಪದದಲ್ಲಿ ಇದನ್ನು ಕಂಡಿದ್ದರೆ ಸಾಲು ಸಮೇತ ತಿಳಿಸಿ. ನಿಮ್ಮೂರಲ್ಲಿ ಈ ಮಾತನ್ನು ಕೀಳಾಗಿ ಆಡುತ್ತಾರಾ? ಅಜ್ಜಿಯ ದನಿಯಲ್ಲಿ ಅದು ಒಂಚೂರೂ ಇರಲಿಲ್ಲ.