ಅಪ್‌ಡೇಟ್: ಪ್ಯಾನೆಲ್ ಹಾಕಿದ ಮೇಲೂ ಅದು ಹೊಲವೇನಾ?

ಬೆಳೆ ಮೇಲೆ ಸೋಲಾರ್ ಪ್ಯಾನೆಲ್ ನಿಲ್ಲಿಸಿದರೆ ಸರ್ಕಾರ ಆ ಜಮೀನನ್ನು ಕೃಷಿ ಭೂಮಿ ಅಂತಲೇ ಲೆಕ್ಕ ಹಾಕುತ್ತಾ ಅಂತ ಹಿಂದೆ ಕೇಳಿದ್ದೆ. ಬೇರೆ ದೇಶಗಳ ನಿಯಮ ನೋಡಿ ಅಂದಿದ್ರಿ. ನೋಡಿದೆ, ಥ್ಯಾಂಕ್ಸ್.

ನಾನು ನೋಡಿದ ಎರಡು ದೇಶಗಳಲ್ಲೂ ಇಳುವರಿಯೇ ಮುಖ್ಯ ಅಳತೆಗೋಲು. ಜಪಾನ್ 2013ರಲ್ಲೇ ಒಪ್ಪಿಗೆ ಕೊಟ್ಟಿದೆ. ಆದರೆ ಆ ಭಾಗದ ಸರಾಸರಿ ಇಳುವರಿಯಲ್ಲಿ ಶೇ 80ರಷ್ಟಾದರೂ ಬರಬೇಕು. ಪರವಾನಗಿ ಕೂಡ ಕಂಬ ನೆಟ್ಟ ಜಾಗಕ್ಕೆ ಮಾತ್ರ, ಅದೂ ತಾತ್ಕಾಲಿಕ. ಅವಧಿ ಮುಗಿದರೆ ಮತ್ತೆ ಅರ್ಜಿ ಹಾಕಬೇಕು. ಸುಮ್ನೆ ಹೆಸರಿಗೆ ನಾಲ್ಕು ಗಿಡ ನೆಟ್ಟು ಕರೆಂಟ್ ಮಾರೋರಿಗೆ ಇದೇ ಕಡಿವಾಣ.

ಜರ್ಮನಿಯ 2021ರ ಮಾನದಂಡ ಸ್ವಲ್ಪ ಸಡಿಲ: ಶೇ 66 ಇಳುವರಿ ಸಾಕು. ಪ್ಯಾನೆಲ್ ಕೆಳಗೇ ಬೆಳೆ ಬೆಳೆಯೋದಾದರೆ 2.1 ಮೀಟರ್ ಎತ್ತರ ಬೇಕು, ಬೇಸಾಯಕ್ಕೆ ಸಿಗದ ಜಾಗ ಶೇ 10 ಮೀರಬಾರದು. ಆದರೆ 2.1 ಮೀಟರ್ ಅಂದ್ರೆ ಆಳು ಓಡಾಡಬಹುದು, ಕಟಾವು ಯಂತ್ರ ನುಗ್ಗಲ್ಲ ಅಲ್ವಾ? ಎತ್ತರ ಮಾಡಿದಷ್ಟೂ ಕಬ್ಬಿಣ ಜಾಸ್ತಿ, ಗಾಳಿಯ ಹೊಡೆತವೂ ಜಾಸ್ತಿ.

ಹಾಗಾಗಿ ನೆರಳು ತಡೆದುಕೊಳ್ಳೋ ಸೊಪ್ಪಿನ ಬೆಳೆಗೆ ಮಾತ್ರ, ಒಂದು ಮೂಲೆಯಲ್ಲಿ ಶುರು ಮಾಡ್ತೀನಿ. ಪ್ಯಾನೆಲ್ ಹಾಕೋ ಕಂಪನಿಯ ಕರಾರಿನಲ್ಲಿ ಕೊನೆಗೆ ಕಂಬ ಕೀಳೋ ಖರ್ಚು ಯಾರದು ಅಂತ ಬರೆದಿಲ್ಲ. ಅದು ಸೇರೋವರೆಗೂ ಸಹಿ ಹಾಕಲ್ಲ.