ಮಿಲಿಟರಿ ಡಿಸ್ಪೋಸಲ್ ಶಕ್ತಿಮಾನ್: ಕಾಗದ ಯಾರ ಹೆಸರಲ್ಲಿರಬೇಕು, ಟಾರ್ಪಾಲು ಯಾವುದು?

ಕಬ್ಬುಗದ್ದೆ, ಮಂಡ್ಯ:
ಸೇನೆ ಹರಾಜು ಹಾಕಿದ ಶಕ್ತಿಮಾನ್ ಲಾರಿಯೊಂದು ಮಾರಾಟಕ್ಕಿದೆ. ಹರಾಜಲ್ಲಿ ಹಿಡಿದವರು ಇನ್ನೂ ನಂಬರ್ ಮಾಡಿಸಿಲ್ಲ, ಛಾಪಾ ಕಾಗದದಲ್ಲಿ ಕರಾರು ಬರೆದುಕೊಡ್ತೀವಿ ಅಂತಾರೆ. ಸಾಕಾ? ಟಾರ್ಪಾಲು ಅದನ್ನು ಹೊತ್ತು ನಿಲ್ಲೋ ಕಬ್ಬಿಣದ ಕಮಾನಿನ ಮೇಲೆ ಹರಿದಿದೆ, ಹೊಲಿಗೆ ಸಾಲಲ್ಲಿ ಸೋರುತ್ತೆ. ಹೇರೋದು ಬೆಲ್ಲ. ಹತ್ತಿ ಕ್ಯಾನ್ವಾಸೋ, ಪಿವಿಸಿಯೋ?

ಹಳೇಗಾಡಿ, ಮೈಸೂರು:
ಸಾಲದು ಅಣ್ಣ. ಬಾಣದ ಗುರುತಿನ ಸೇನಾ ನಂಬರು ಹೊರಗೆ ನಡೆಯಲ್ಲ, ಹೊಸದಾಗಿ ನೋಂದಣಿ ಆಗಬೇಕು. ಅದಕ್ಕೆ ಫಾರಂ 20, ಜೊತೆಗೆ ಸೇನಾ ಅಧಿಕಾರಿಗಳು ಫಾರಂ 21ರಲ್ಲಿ ಕೊಟ್ಟ ಮೂಲ ಮಾರಾಟ ಪತ್ರ. ಅದು ಹರಾಜು ಹಿಡಿದವರ ಹೆಸರಲ್ಲಿರುತ್ತೆ. ಮೊದಲು ಅವರ ಹೆಸರಿಗೆ ಆರ್‌ಸಿ ಆಗಲಿ, ಆಮೇಲೆ ಫಾರಂ 29, 30 ಹಾಕಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಆರ್‌ಸಿಯೇ ಇಲ್ಲದ ಗಾಡಿಗೆ ವರ್ಗಾವಣೆ ಅನ್ನೋದೇ ಇಲ್ಲ.

ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೂ ಮಾರಾಟ ಪತ್ರದ ಜೊತೆ ನೀವೇ ತಾಳೆ ನೋಡಿ. ಸೇನೆಯ ವರ್ಕ್‌ಶಾಪಲ್ಲಿ ಎಂಜಿನ್ ಬದಲಾಗಿದ್ದರೆ ನೋಂದಣಿ ಆರ್‌ಟಿಒ ತಪಾಸಣೆಯಲ್ಲೇ ನಿಲ್ಲುತ್ತೆ. ಪತ್ರದಲ್ಲಿ ಸ್ಕ್ರ್ಯಾಪ್ ಅಂತ ಬರೆದಿದ್ದರೆ ಕೈ ಹಾಕಲೇಬೇಡಿ. ಜಬಲ್‌ಪುರದಲ್ಲಿ ಶಕ್ತಿಮಾನ್ ತಯಾರಿಕೆ 1996ರಲ್ಲೇ ನಿಂತಿತು, ಹಾಗಾಗಿ ಎಷ್ಟೇ ಹೊಸದಂದರೂ ವಯಸ್ಸಾದ ಗಾಡಿಯೇ. ಮಾರಾಟ ಪತ್ರದ ಜೆರಾಕ್ಸ್ ಹಿಡಿದು ಮಂಡ್ಯ ಆರ್‌ಟಿಒದಲ್ಲಿ ಕೇಳಿ, ಮುಂಗಡ ಆಮೇಲೆ ಕೊಡಿ.

ದಪ್ಪದಾರ, ಮೈಸೂರು:
ಬೆಲ್ಲಕ್ಕೆ ಹತ್ತಿಯೇ ಸರಿ. ಪಿವಿಸಿಯಲ್ಲಿ ಗಾಳಿ ಆಡಲ್ಲ, ಒಳಗೆ ಬೆವರು ಕೂತು ಬೆಲ್ಲದ ಮೇಲೆ ತೊಟ್ಟಿಕ್ಕುತ್ತೆ. ಚದರ ಗಜಕ್ಕೆ 16 ಔನ್ಸ್, ಅಂದರೆ ಚದರ ಮೀಟರಿಗೆ ಸುಮಾರು 540 ಗ್ರಾಂ ತೂಗುವ ವಾಟರ್‌ಪ್ರೂಫ್ ಬಟ್ಟೆ ತಗೊಳ್ಳಿ.

ಅಳತೆ ಕಮಾನು ನಿಲ್ಲಿಸಿಯೇ ತೆಗೀರಿ. ಎರಡೂ ಕಡೆ ಹಲಗೆ ಮೇಲೆ 9 ಅಂಗುಲ ಇಳಿಬೀಳಲಿ, ಕುಗ್ಗೋದಕ್ಕೆ ಅಡಿಗೆ ಅರ್ಧ ಅಂಗುಲ ಬಿಡಿ. ಜೋಡಣೆಯಲ್ಲಿ ಮುಂದಿನ ತುಂಡು ಹಿಂದಿನದರ ಮೇಲೆ ಬರಬೇಕು, ತಿರುವುಮುರುವಾದರೆ ಓಡುವಾಗ ಗಾಳಿ ನೀರನ್ನು ಒಳಗೇ ತಳ್ಳುತ್ತೆ. ಹತ್ತಿ ನೂಲು ನೆನೆದು ಉಬ್ಬಿ ಸೂಜಿ ತೂತು ಮುಚ್ಚುತ್ತೆ, ಬರೀ ಪಾಲಿಯೆಸ್ಟರ್ ಉಬ್ಬಲ್ಲ. ಹೊಸ ಟಾರ್ಪಾಲನ್ನು ಎರಡು ಸಲ ನೆನೆಸಿ ಒಣಗಿಸಿ, ಸೋರುತ್ತೋ ಇಲ್ಲವೋ ಆಮೇಲೆ ನೋಡಿ.

ಹರಿದಿರೋದಕ್ಕೆ ಕಾರಣ ಕಮಾನಿನ ತುಕ್ಕು, ಬೋಲ್ಟ್ ತಲೆ. ಉಜ್ಜಿ ಬಣ್ಣ ಬಳೀರಿ, ಕಮಾನು ತಾಗುವಲ್ಲಿ ಒಳಗಡೆ 4 ಅಂಗುಲ ಅಗಲದ ಎರಡು ಪದರದ ಪಟ್ಟಿ ಹೊಲಿಸಿ. ಕಮಾನುಗಳ ನಡುವೆ ಉದ್ದಕ್ಕೆ ಬೆಲ್ಟ್ ಎಳೆದು ಕಟ್ಟಿ, ಇಲ್ಲದಿದ್ದರೆ ಜೋಲು ಬಿದ್ದ ಕಡೆ ನೀರು ನಿಲ್ಲುತ್ತೆ. ಹಗ್ಗ ತೂರಿಸೋ ತೂತಿನ ಬಳೆ (ಐಲೆಟ್) ಹಿತ್ತಾಳೆಯದೇ ಇರಲಿ. ಸೋಪಿನ ಪುಡಿ ಹಾಕಿ ಮಾತ್ರ ತೊಳೀಬೇಡಿ, ನೀರು ತಡೆಯೋ ಮೇಣ ಹೋಗುತ್ತೆ. ಒದ್ದೆ ಇದ್ದಾಗ ಮಡಿಸಿದರೆ ಬೂಸ್ಟು ಹಿಡಿದು ಬಟ್ಟೆ ಲಡ್ಡಾಗುತ್ತೆ.

ಕಬ್ಬುಗದ್ದೆ, ಮಂಡ್ಯ:
ತುಂಬಾ ಉಪಕಾರ. ಗಾಡಿ ಬಣ್ಣ ಮಿಲಿಟರಿ ಹಸಿರೇ ಇದೆ, ಹಾಗೇ ಬಿಡಬಹುದಾ?

ಹಳೇಗಾಡಿ, ಮೈಸೂರು:
ಆಗಲ್ಲ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆ ಬಣ್ಣ ರಕ್ಷಣಾ ಇಲಾಖೆ ವಾಹನಗಳಿಗೆ ಮಾತ್ರ. ತಪಾಸಣೆಗೆ ಒಯ್ಯೋ ಮೊದಲೇ ಬೇರೆ ಬಣ್ಣ ಹೊಡೆಸಿ, ಕ್ಯಾನ್ವಾಸೂ ಖಾಕಿಯದೋ ಕಂದು ಬಣ್ಣದ್ದೋ ಹಾಕಿ.